ಅಕ್ಕನ ಹೆಸರಿನ ಎದೆಬಡಿತ

ಅಕ್ಕನಿಗೂ ಅವಳ ಓರಗಿತ್ತಿಗೂ ಇದ್ದದ್ದು ಒಂದೇ ಔಷಧಿ ಡಬ್ಬಿ. ಹಾನುಬಾಳಿನಿಂದ ಒಳಕ್ಕೆ, ಗದ್ದೆ ಮುಗಿದು ಕಾಫಿ ತೋಟ ಶುರುವಾಗುವಲ್ಲಿ ಅವರ ಮನೆ. ಒಬ್ಬಳ ಮಂಡಿನೋವಿಗೆ ತಂದ ಮಾತ್ರೆಯನ್ನು ಅಲ್ಲಿ ಇಬ್ಬರೂ ನುಂಗುತ್ತಿದ್ದರು. ಒಬ್ಬಳು ಕೆಮ್ಮಿದರೆ ಇನ್ನೊಬ್ಬಳಿಗೂ ಸಿರಪ್ಪು, ಮುಂದೆ ಬರದಿರಲಿ ಎಂದು. ನಾನು ಬೈದರೆ ಓರಗಿತ್ತಿ, ‘ಅಕ್ಕಂಗೆ ಬಂದಿದ್ದು ನಂಗ್ ಬರಕ್ಕೆ ಎಷ್ಟೊತ್ತು ಬೇಕು, ಬುಡಣ್ಣ’ ಎಂದು ನಗುತ್ತಿದ್ದಳು. ನನಗೆ ಅವಳೂ ಒಬ್ಬ ತಂಗಿಯೇ.

ಅಕ್ಕ ಒಂದು ದಿನ ತೋಟದಲ್ಲಿ ತಲೆಸುತ್ತಿ ಬಿದ್ದಳು. ಅದೇ ಸುಮಾರಿಗೆ ಹಾನುಬಾಳಿನಲ್ಲಿ ಬೆಂಗಳೂರಿನ ಹೊಸ ಕಂಪನಿಯೊಂದು ಹೃದಯ ತಪಾಸಣೆ ಇಟ್ಟುಕೊಂಡಿತ್ತು. ಅವರು ಎದೆಗೆ ಕಟ್ಟಿಕೊಳ್ಳುವ ಒಂದು ಪಟ್ಟಿ ಮಾಡಿದ್ದರು. ಬಡಿತವನ್ನು ಅದು ಫೋನಿಗೆ ಕೊಡುತ್ತದೆ, ಫೋನು ಬೆಂಗಳೂರಿನ ಡಾಕ್ಟರುಗಳಿಗೆ ಮುಟ್ಟಿಸುತ್ತದೆ. ಕಂಪನಿಯ ಹುಡುಗಿ ಅಕ್ಕನ ಹೆಸರು, ವಯಸ್ಸು, ನನ್ನ ಫೋನ್ ನಂಬರು ಬರೆದುಕೊಂಡು ಪಟ್ಟಿ ಕಟ್ಟಿದಳು. ಸ್ನಾನಕ್ಕೆ ಬಿಚ್ಚಿ, ನೀರು ತಾಗಿಸಬೇಡಿ, ರಾತ್ರಿ ಚಾರ್ಜಿಗೆ ಹಾಕಿ ಎಂದು ಎಲ್ಲ ಹೇಳಿಕೊಟ್ಟಳು. ಇನ್ನೊಬ್ಬರಿಗೆ ಕಟ್ಟಬೇಡಿ ಎನ್ನುವುದು ಮಾತ್ರ ಅವಳಿಗೆ ಹೊಳೆಯಲಿಲ್ಲ. ಅಂಥ ಮನೆಗಳುಂಟು ಎಂದು ಅವಳಾದರೂ ಹೇಗೆ ಊಹಿಸಬೇಕು.

ಓರಗಿತ್ತಿ ಅವತ್ತು ಕುಯ್ಲಿಗೆ ಬಂದ ಆಳುಗಳಿಗೆ ಅಡಿಗೆ ಮಾಡುತ್ತಾ ಮನೆಯಲ್ಲೇ ಉಳಿದಿದ್ದಳು. ಸಂಜೆ ಪಟ್ಟಿಯನ್ನು ಮುಟ್ಟಿ ನೋಡಿ, ‘ನಿನ್ ಸೊಂಟಕ್ಕೊಂದು ಡಾಬು ಮಾಡಿಸ್ಕೊಡಿ ಅಂತ ಭಾವಂಗೆ ಎಷ್ಟ್ ವರ್ಷದಿಂದ ಹೇಳ್ತಿದ್ದೆ ಅಕ್ಕ, ಕಡೆಗೆ ಎದೆಗೇ ಬಂತಲ್ಲ’ ಅಂದಳು.

‘ನಿಂಗ್ಯಾಕೆ ಹೊಟ್ಟೆಕಿಚ್ಚು’ ಅಂದಳು ಅಕ್ಕ.

ಕೆಲವು ದಿನ ಕಳೆದು ಕಂಪನಿಯಿಂದ ನನಗೆ ಫೋನು ಬಂತು. ನಿಮ್ಮ ಅಕ್ಕನ ಬಡಿತ ತೀರಾ ಹದಗೆಟ್ಟಿದೆ, ತಡಮಾಡದೆ ಹಾಸನಕ್ಕೆ ಕರೆದುಕೊಂಡು ಹೋಗಿ ಎಂದರು. ಹೋದಾಗ ಅಕ್ಕ ಕಣದಲ್ಲಿ ಕಾಫಿ ಹರಡುತ್ತಿದ್ದಳು. ‘ನಂಗೇನಾಗೈತೆ, ಗುಂಡುಕಲ್ಲಂಗಿದೀನಿ’ ಎಂದು ಬೈದುಕೊಂಡೇ ಜೀಪು ಹತ್ತಿದಳು. ಆಳುಗಳನ್ನು ಬಿಟ್ಟು ಭಾವ ಹೊರಡುವಂತಿರಲಿಲ್ಲ. ಓರಗಿತ್ತಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಗೇಟಿನವರೆಗೂ ಬಂದಳು.

ಆಸ್ಪತ್ರೆಯಲ್ಲಿ ಡಾಕ್ಟರು ಎಲ್ಲ ಪರೀಕ್ಷೆ ಮುಗಿಸಿ, ಕಂಪನಿಯವರು ಕಳಿಸಿದ್ದ ಗೆರೆಗಳನ್ನು ಇನ್ನೊಮ್ಮೆ ನೋಡಿದರು. ‘ಇವರ ಹೃದಯ ಸರಿಯಾಗಿದೆ. ಆದರೆ ಈ ಗೆರೆಯವರು ಹೀಗೆ ಎದ್ದು ಓಡಾಡುವುದೇ ಕಷ್ಟ. ಇದು ಮೊನ್ನೆ ಮಧ್ಯಾಹ್ನದ್ದು, ಆಗ ಏನು ಮಾಡುತ್ತಿದ್ದಿರಿ ಅಮ್ಮ?’

‘ಮೊನ್ನೆ ಅದು ನನ್ ಮೈಮೇಲೆ ಇರ್ನಿಲ್ಲ ಸಾರ್. ನನ್ ಓರಗಿತ್ತಿಗೆ ಕಟ್ಟಿದ್ದೆ. ಅವಳ್ಗೂ ಎದೆ ಹಿಡ್ಕಂಡಂಗೆ ಆಯ್ತದೆ ಅಂತಿದ್ಳು. ನಾನೊಬ್ಳೇ ಎಷ್ಟ್ ದಿನಾಂತ ಕಟ್ಕಳದು?’

ಡಾಕ್ಟರು ಕುರ್ಚಿಯಿಂದ ಎದ್ದರು. ‘ಅವರನ್ನು ಈಗಲೇ ಕರೆಸಿ.’

ನಾನು ಭಾವನಿಗೆ ಫೋನು ಮಾಡಿದೆ. ‘ಇಲ್ಲೇ ಕಣದಾಗೆ ಕಾಫಿ ಕೆದಕ್ತಾ ಅವ್ಳೆ ಕಣೋ, ಚೆನ್ನಾಗೇ ಅವ್ಳೆ’ ಅಂದರು. ವಿಷಯ ಹೇಳಿದ ಮೇಲೆ ಅವರ ದನಿ ಬದಲಾಯಿತು. ಅವಳನ್ನು ಕೂರಿಸಿ, ಏನೂ ಮಾಡಿಸಬೇಡಿ, ಜೀಪು ಕರೆಸಿ ಎಂದೆ. ಅವಳು ಕೂರಲಿಲ್ಲವಂತೆ. ಜೀಪು ಬರುವುದರೊಳಗೆ ಸೀರೆ ಬದಲಾಯಿಸಿ, ಅಕ್ಕ ಬೆಳಗ್ಗೆಯಿಂದ ಹಸಿದಿರುತ್ತಾಳೆ ಎಂದು ಎರಡು ಅಕ್ಕಿರೊಟ್ಟಿ ತಟ್ಟಿ ಬಾಕ್ಸಿಗೆ ಹಾಕಿಕೊಂಡಿದ್ದಾಳೆ. ಅಕ್ಕನನ್ನು ನೋಡಿಕೊಳ್ಳಲು ಕರೆಸುತ್ತಿದ್ದಾರೆ ಎಂದೇ ಅವಳು ತಿಳಿದಿದ್ದಳು. ಹೆದರಿಯಾಳೆಂದು ಭಾವ ನಿಜ ಹೇಳಿರಲಿಲ್ಲ.

ಜೀಪು ಸಕಲೇಶಪುರ ಮುಟ್ಟುವ ಮೊದಲೇ ಅವಳು ಭಾವನ ಹೆಗಲಿಗೆ ಒರಗಿಬಿಟ್ಟಳು. ನಿದ್ದೆ ಹತ್ತಿತೇನೋ ಎಂದುಕೊಂಡು ಅವರು ಅಲುಗಾಡದೆ ಕೂತಿದ್ದರಂತೆ. ನಾವು ಹಾಸನದಿಂದ ಓಡಿ ಬಂದಾಗ ಸಕಲೇಶಪುರದ ಆಸ್ಪತ್ರೆಯ ಮುಂದೆ ಜೀಪು ನಿಂತಿತ್ತು, ಸೀಟಿನ ಮೇಲೆ ಬಾಕ್ಸು. ಅಕ್ಕ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅಳಲೂ ಇಲ್ಲ, ಯಾರಿಗೂ ಅದನ್ನು ಕೊಡಲೂ ಇಲ್ಲ.

ಯಾರೂ ಅಕ್ಕನನ್ನು ದೂರಲಿಲ್ಲ. ದೂರಿದ್ದರೆ ಒಳ್ಳೆಯದಿತ್ತೇನೋ. ಭಾವನ ತಮ್ಮ, ಓರಗಿತ್ತಿಯ ಗಂಡ, ತೀರಿಕೊಂಡಾಗಲೂ ಗಟ್ಟಿಯಾಗಿದ್ದವಳು ಈಗ ಔಷಧಿ ಡಬ್ಬಿ ತೆರೆಯುವುದನ್ನೇ ಬಿಟ್ಟಳು. ತನಗೆ ಬರೆದುಕೊಟ್ಟ ಮಾತ್ರೆ ತೆಗೆದುಕೊಳ್ಳುವುದಕ್ಕೂ ಭಾವ ಹಿಂದೆ ಬೀಳಬೇಕು.

ಮಳೆಗಾಲ ಕಳೆದ ಮೇಲೆ ಕಂಪನಿಯ ಹುಡುಗಿ ಮನೆಗೇ ಬಂದಳು. ಅಷ್ಟರಲ್ಲಿ ಅವರಿಗೆ ದೊಡ್ಡ ಬಂಡವಾಳ ಸಿಕ್ಕಿತ್ತು. ಊರೂರಿನ ಆಸ್ಪತ್ರೆಗಳು ಆ ಪಟ್ಟಿ ಕೇಳುತ್ತಿವೆ ಎಂದು ಪೇಪರಿನಲ್ಲಿ ನಾನೂ ಓದಿದ್ದೆ. ಹುಡುಗಿ ಒಳ್ಳೆಯವಳು. ಚೀಲದಿಂದ ಹೊಸ ಪಟ್ಟಿಯೊಂದನ್ನು ತೆಗೆದಳು.

‘ನಿಮ್ಮ ಮನೇಲಿ ಆಗಿದ್ದು ಇನ್ನೆಲ್ಲೂ ಆಗಬಾರದು ಅಂತ ಇದನ್ನ ಬದಲಾಯಿಸಿದೀವಿ ಅಮ್ಮ. ಇದಕ್ಕೆ ಈಗ ಕಟ್ಟಿಕೊಂಡವರ ಗುರುತು ಸಿಗುತ್ತೆ. ಬೇರೆಯವರು ಕಟ್ಟಿಕೊಂಡರೆ ತಾನೇ ನಿಂತುಹೋಗುತ್ತೆ.’

ಅಕ್ಕ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ‘ನಿಂತೋದ್ರೆ, ಕಟ್ಕಂಡೋರ ಎದೆ ನೋಡಕಿಲ್ವಾ?’

‘ಇಲ್ಲಮ್ಮ. ಒಂದು ಪಟ್ಟಿಗೆ ಒಂದೇ ಹೆಸರು.’

‘ಹಳೇದು ಅವಳ್ನ ನೋಡಿತ್ತಲ್ಲ ಮಗ. ನಮ್ ಮನೇಲಿ ಯಾರೂ ನೋಡಿರ್ನಿಲ್ಲ. ಅದೊಂದೇ ನೋಡಿದ್ದು.’

ಅಕ್ಕ ಪಟ್ಟಿಯನ್ನು ನೀಟಾಗಿ ಸುತ್ತಿ ಹುಡುಗಿಯ ಕೈಗಿಟ್ಟು, ‘ಹಳೇದು ಇದ್ರೆ ತತ್ತಾ. ತೋಟದ ಲೈನ್ ಮನೆಗಳಲ್ಲಿ ಕೂಲಿ ಹೆಂಗಸ್ರು ಅವ್ರೆ, ಒಬ್ಬೊಬ್ರಿಗೂ ಕಟ್ತೀನಿ. ಯಾವ ದಿನ ಯಾರ್ ಕಟ್ಕಂಡಿದ್ರು ಅಂತ ನಾನೇ ನಿಂಗೆ ಹೇಳ್ತೀನಿ’ ಅಂದಳು.

ಹಳೆಯವನ್ನೆಲ್ಲ ಕಂಪನಿ ವಾಪಸು ತರಿಸಿಕೊಂಡಿದೆ ಎಂದು ಹುಡುಗಿ ಹೇಳಬೇಕಾಯಿತು. ಹೇಳಿದಳು, ತೀರಾ ಸಣ್ಣ ದನಿಯಲ್ಲಿ.