ಸೆಕ್ರೆಟರಿ ಸಾಹೇಬರು ಮತ್ತು ಏರೋಪ್ಲೇನ್ ಚಿಟ್ಟೆ

"ಭಾಬೀಜಿ, ಆಜ್ ಟಾಂಕಿ ಖಾಲಿ ಕರ್‌ನೇ ಕಾ."

ಭಾನುವಾರ ಬೆಳಿಗ್ಗೆ ನಮ್ಮ ನೆರೂಳಿನ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಪಾಟೀಲ ಸಾಹೇಬರು ಬಾಗಿಲಲ್ಲಿ ನಿಂತು, ಇವತ್ತೇ ಟಾಂಕಿ ಖಾಲಿಯಾಗಬೇಕೆಂದು ಹೊರಡಿಸಿದ ಹುಕುಂ ಇದು. ಹಿಂದೆ ಬಕೆಟ್ ಹಿಡಿದ ವಾಚ್‌ಮನ್.

ಟಾಂಕಿ ಎಂದರೆ ಕಟ್ಟಡದ ಹಿಂದೆ ಬಿಲ್ಡರ್ ಬಿಟ್ಟುಹೋದ ಸಿಮೆಂಟ್ ತೊಟ್ಟಿ. ನನ್ನ ಹೆಂಡತಿ ವಾಸಂತಿ ಅದರಲ್ಲಿ ಮಳೆನೀರು ತುಂಬಿಸಿ ನೈದಿಲೆ ಬೆಳೆಸಿದ್ದಳು. ಅಂಚಿಗೆ ಬಜೆ, ಒಂದೆಲಗ. (ಒಂದೆಲಗ ತಂಬುಳಿಗೆ ಎಂದುಕೊಂಡಿದ್ದೆ. ಉಡುಪಿಯವನ ಬುದ್ಧಿ.) ಅವಳ ಆಸೆಯೇ ಬೇರೆ. ಊರಿನ ಗದ್ದೆಯಂಚಿನ ಏರೋಪ್ಲೇನ್ ಚಿಟ್ಟೆ ಇಲ್ಲಿಗೂ ಬರಬೇಕು.

"ಗಿಡ ಈ ಮಣ್ಣಿದ್ದಾದ್ರೆ ಹುಳವೂ ಹುಡುಕಿಕೊಂಡು ಬರ್ತದೆ ಮಾರಾಯ್ರೆ."

ಬಂದೇಬಿಟ್ಟಿತು. ನೀರಿಗೆ ಬಾಲ ತಾಗಿಸಿ ಮೊಟ್ಟೆಯಿಟ್ಟಿತು. ತಿಂಗಳೊಳಗೆ ದೂರೂ ಬಂತು. ನಿಂತ ನೀರೆಂದರೆ ಸೊಳ್ಳೆ, ಸೊಳ್ಳೆಯೆಂದರೆ ಡೆಂಗಿ. ಪಾಟೀಲರ ಭಯ ಸುಳ್ಳಲ್ಲ. ಹಿಂದಿನ ಮಳೆಗಾಲದಲ್ಲಿ ಅವರ ಮಗಳು ಡೆಂಗಿಯಿಂದ ಆಸ್ಪತ್ರೆ ಸೇರಿ, ಬದುಕಿ ಬಂದದ್ದೇ ದೊಡ್ಡದು. ಅಂಥ ಅಪ್ಪನ ಜೊತೆ ಏನೆಂದು ವಾದಿಸುವುದು?

ವಾಸಂತಿ ವಾದಿಸಲಿಲ್ಲ. ಎಲ್ಲರನ್ನೂ ಕಟ್ಟಡದ ಹಿಂದಕ್ಕೆ ಕರೆದೊಯ್ದಳು. ಚಹಾ ಸೋಸುವ ಜಾಲರಿಯಿಂದ ತೊಟ್ಟಿಯ ತಳ ಕೆದಕಿ, ಕೆಸರು ಬಣ್ಣದ ಕುರೂಪಿ ಹುಳವೊಂದನ್ನು ಗಾಜಿನ ಬಟ್ಟಲಿಗೆ ಹಾಕಿದಳು. ಏರೋಪ್ಲೇನ್ ಚಿಟ್ಟೆಯ ಮರಿ. ಆಮೇಲೆ ಲಾಬಿಯಲ್ಲಿ ಅಂದಕ್ಕೆಂದು ಇಟ್ಟ ಕುಂಡದ ತಟ್ಟೆಯ ನೀರು ತಂದು ಸುರಿದಳು. ಅದರ ತುಂಬ ಸೊಳ್ಳೆಮರಿ. (ಲಾಬಿಯಲ್ಲಿ ಹುಡುಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ.)

ಪಾಟೀಲರು ಕನ್ನಡಕ ಏರಿಸಿ ಬಗ್ಗಿದರು. ಹುಳ ಸುಮ್ಮನೆ ಕೂತಿತ್ತು. ಸೊಳ್ಳೆಮರಿ ಹತ್ತಿರ ಸುಳಿದದ್ದೇ ತಡ, ಬಾಯಡಿಯಿಂದ ಕೈಯಂಥದ್ದೇನೋ ಚಾಚಿ ಗಬಕ್ಕನೆ ಹಿಡಿಯಿತು. ಇನ್ನೊಂದು. ಮತ್ತೊಂದು.

"ಯೇ ತೋ ಖಾತಾಹೀ ಜಾ ರಹಾ ಹೈ," ಎಂದರು ಪಾಟೀಲರು ಮೆಲ್ಲಗೆ. ತಿನ್ನುತ್ತಲೇ ಇದೆಯಲ್ಲ ಎಂಬ ಬೆರಗು.

ಆ ದಿನ ಖಾಲಿಯಾದದ್ದು ಲಾಬಿಯ ತಟ್ಟೆಗಳು.

ಕೆಲವು ವಾರ ಕಳೆದು, ವಾಕಿಂಗ್ ಹೋಗಿದ್ದ ಪಾಟೀಲರದೇ ಫೋನ್. "ಭಾಬೀಜಿ, ಜಲ್ದಿ ನೀಚೇ ಆವೋ."

ಕೆಳಗೆ ಓಡಿದೆವು. ಬಜೆಯ ಎಲೆಗೆ ಅಂಟಿದ್ದ ಕೆಸರು ಹುಳವೊಂದರ ಬೆನ್ನು ಬಿರಿದು, ಮುದುರಿದ ರೆಕ್ಕೆಯ ಚಿಟ್ಟೆ ಹೊರಬರುತ್ತಿತ್ತು. ಪಾಟೀಲರ ಮಗಳು ಉಸಿರು ಬಿಗಿಹಿಡಿದು ಪಕ್ಕದಲ್ಲಿ ಕೂತಿದ್ದಳು. "ಆಂಟಿ, ಮರಾಠೀ ಮೇ ಇಸ್‌ಕೋ ಚತುರ್ ಬೋಲ್‌ತೇ ಹೈ," ಎಂದು ಅದರ ಮರಾಠಿ ಹೆಸರು ಪಿಸುಗುಟ್ಟಿದಳು. ರೆಕ್ಕೆ ಬಿಚ್ಚಿತು, ಒಣಗಿತು, ಬಿಸಿಲಿಗೆ ಮಿನುಗಿತು. ಹಾರಿಹೋಯಿತು. ವಾಸಂತಿಯ ಕಣ್ಣು ತುಂಬಿತ್ತು. ನನ್ನದೂ ಪೂರ್ತಿ ಒಣಗಿರಲಿಲ್ಲ.

ಮೊನ್ನೆ ಸೊಳ್ಳೆಗೆ ಹೊಗೆ ಹೊಡೆಯುವವನು ಮೆಷಿನ್ ಹೊತ್ತು ಕಟ್ಟಡದ ಹಿಂದಕ್ಕೆ ಹೊರಟಾಗ ಪಾಟೀಲರು ಅಡ್ಡ ನಿಂತರು. "ಉಧರ್ ನಹೀ. ಉಧರ್ ಹಮಾರಾ ಚತುರ್ ಹೈ."

'ಹಮಾರಾ', ನಮ್ಮದು, ಅಂದರು. ಕೇಳಿಸಿತಲ್ಲ?