ಕಟ್ಟುವುದಾದರೆ ನನ್ನನ್ನು ಕಟ್ಟಿ

ಕಲ್ಲುಗುಂಡಿಯ ದುಗ್ಗಮ್ಮನ ಹತ್ತಿರ ಒಂದು ಹಳೆಯ ಕೈಮಗ್ಗದ ಸೀರೆ ಇತ್ತು. ಅದರ ಸೆರಗಿನ ಒಂದು ಮೂಲೆಯೇ ಇರಲಿಲ್ಲ. ಇಲಿ ಕಡಿದದ್ದಲ್ಲ, ಚೂರಿಯಲ್ಲಿ ಕೊಯ್ದದ್ದು ಎಂದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಮದುವೆ ಮುಂಜಿಗೆ ಬೇರೆ ಸೀರೆ ಉಡುವ ದುಗ್ಗಮ್ಮ, ಆಸ್ಪತ್ರೆಗೆ ಹೋಗುವಾಗ ಮಾತ್ರ ಹುಡುಕಿ ಇದನ್ನೇ ಉಡುತ್ತಿದ್ದಳು. ಯಾರಾದರೂ ಕೇಳಿದರೆ, "ಎಂತ, ನಿಮಗೆ ಹೊಸತು ತೆಗೆದುಕೊಡುವ ಅಂದಾಜು ಉಂಟಾ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅರವತ್ತರ ದಶಕದ ಮಾತು. ಮನೆಯ ಮುದುಕಿಯನ್ನು ಸುಳ್ಯದಲ್ಲೋ ಪುತ್ತೂರಿನಲ್ಲೋ ಆಸ್ಪತ್ರೆಗೆ ಸೇರಿಸಿದವರು, ಜೊತೆಗೆ ನಿಲ್ಲಲು ಜನ ಇಲ್ಲದಿದ್ದರೆ ಮಡಿಕೇರಿ ಕಡೆಯ ಬಸ್ಸಿನ ಡ್ರೈವರನ ಹತ್ತಿರ ದುಗ್ಗಮ್ಮನಿಗೆ ಹೇಳಿ ಕಳಿಸುತ್ತಿದ್ದರು. ಅವಳು ಚಾಪೆ ಸುತ್ತಿಕೊಂಡು ಮರುದಿನದ ಬಸ್ಸಿಗೆ ಬರುತ್ತಿದ್ದಳು. ಕುಳ್ಳ ಶರೀರ, ಬಾಯಿ ತುಂಬ ಎಲೆಯಡಿಕೆ, ಮೂಗಿನ ತುದಿಯಲ್ಲಿ ಸಿಟ್ಟು. ಆದರೂ ದುಗ್ಗಮ್ಮ ನಿಂತಲ್ಲಿ ರೋಗಿ ಬೀಳುವುದಿಲ್ಲ ಎಂದು ಹೆಸರಾಗಿತ್ತು. ದೊಡ್ಡ ವಿದ್ಯೆಯೇನೂ ಅಲ್ಲ. ಬಂದವಳು ಮೊದಲು ತನ್ನ ಸೆರಗಿನ ಉಳಿದ ಮೂಲೆಯನ್ನು ಮುದುಕಿಯ ಕೈಗೆ ಕಟ್ಟಿ, ಮಂಚದ ಕಾಲಿಗೆ ಬೆನ್ನು ಕೊಟ್ಟು ಕೂತುಬಿಡುತ್ತಿದ್ದಳು. ಮುದುಕಿ ಏಳಲು ಹೊರಟರೆ ಇವಳ ಹೆಗಲು ಜಗ್ಗುತ್ತಿತ್ತು. ಅಷ್ಟೇ. ಆದರೆ ಅಷ್ಟನ್ನು ಕಲಿಯುವುದಕ್ಕೆ ಅವಳು ಪಟ್ಟ ಪಾಡು ಹೇಳುವಂಥದ್ದು.

ದುಗ್ಗಮ್ಮನ ಗಂಡ ಬೋಜಪ್ಪ ಐವತ್ತೆರಡನೇ ಇಸವಿಯಲ್ಲಿ ಜ್ವರ ತಲೆಗೇರಿ ಮಲಗಿದ. ಅವನ ತಾಯಿ ದೇವಮ್ಮ ಊರ ಪಂಡಿತರ ಕಷಾಯವೇ ಸಾಕು ಎಂದಳು. ದುಗ್ಗಮ್ಮ ಹಟ ಹಿಡಿದು ಅವನನ್ನು ಜೀಪಿನಲ್ಲಿ ಪುತ್ತೂರಿನ ಆಸ್ಪತ್ರೆಗೆ ಒಯ್ದಳು. ಬೋಜಪ್ಪ ಅಲ್ಲಿಯೇ ತೀರಿಕೊಂಡ. ಪ್ರಾಣ ಹೋಗುವ ಹೊತ್ತಿಗೆ ದುಗ್ಗಮ್ಮ ಗಂಜಿ ತರಲೆಂದು ಗೇಟಿನ ಹೊರಗಿನ ಹೋಟೆಲಿಗೆ ಹೋಗಿದ್ದಳು. "ನಿಮ್ಮನ್ನು ಕರೆದರು" ಎಂದು ಪಕ್ಕದ ಮಂಚದವರು ಹೇಳಿದರು. ಆ ಮಾತನ್ನು ಅವಳು ಮನೆಗೆ ಬಂದು ಅಳುತ್ತಾ ಅತ್ತೆಯ ಮುಂದೆಯೂ ಹೇಳಿಬಿಟ್ಟಳು.

"ಅವ ಕರೆಯುವಾಗ ನೀನೆಲ್ಲಿದ್ದೆ?" ಎಂದು ಕೇಳಿದಳು ದೇವಮ್ಮ.

ಅದೇ ಕೊನೆ. ಆಮೇಲೆ ವರ್ಷಗಟ್ಟಲೆ ಅತ್ತೆ ಸೊಸೆಯ ಮುಖ ನೋಡಿ ಮಾತಾಡಲಿಲ್ಲ. ಮನೆ ಒಂದೇ, ಒಲೆ ಒಂದೇ, ಮಾತು ಮಾತ್ರ ಬೆಕ್ಕಿನ ಮೂಲಕ. "ನೀರು ಕಾದಿದೆ, ಮೀಯುವವರು ಮೀಯಬಹುದು" ಎಂದು ಸೊಸೆ ಬೆಕ್ಕಿಗೆ ಹೇಳುವುದು. "ಇವತ್ತು ಉಪ್ಪು ಹಾಕಿದವರ ಕೈ ಸ್ವಲ್ಪ ಮುಂದೆ ಹೋಗಿದೆ" ಎಂದು ಅತ್ತೆ ಬೆಕ್ಕಿಗೆ ದೂರು ಕೊಡುವುದು. ಆ ಬೆಕ್ಕಿನಷ್ಟು ಮನೆವಾರ್ತೆ ತಿಳಿದ ಪ್ರಾಣಿ ಇಡೀ ಸೀಮೆಯಲ್ಲಿ ಇರಲಿಕ್ಕಿಲ್ಲ. ನೆರೆಕರೆಯವರು ನಗುತ್ತಿದ್ದರು. ಆ ಇಬ್ಬರಿಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ಅತ್ತೆ ಕೇಳಿದ್ದು ಅನ್ಯಾಯ ಎಂದು ದುಗ್ಗಮ್ಮನಿಗೆ ಗೊತ್ತಿತ್ತು. ಉತ್ತರ ಕೊಡಲಾರೆ ಎಂದೂ ಗೊತ್ತಿತ್ತು.

ಐವತ್ತೇಳರ ಬೇಸಿಗೆಯಲ್ಲಿ ದೇವಮ್ಮನ ಕಾಲು ಬಾತುಕೊಂಡಿತು. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಊರವರು ಸೇರಿ, ಬೇಡ ಬೇಡ ಎನ್ನುತ್ತಿದ್ದವಳನ್ನು ಜೀಪಿಗೆ ಹತ್ತಿಸಿದರು. ಮಗ ಸತ್ತ ಅದೇ ಆಸ್ಪತ್ರೆ. ದುಗ್ಗಮ್ಮ ಚಾಪೆ, ಗಂಜಿಯ ಪಾತ್ರೆ ಹಿಡಿದುಕೊಂಡು ಹಿಂದಿನ ಸೀಟಿನಲ್ಲಿ ಕೂತಳು.

ಹೆಂಗಸರ ವಾರ್ಡಿನಲ್ಲಿ ಕಬ್ಬಿಣದ ಎತ್ತರದ ಮಂಚ. ಜೀವಮಾನವಿಡೀ ಚಾಪೆಯಲ್ಲಿ ಮಲಗಿದ ದೇವಮ್ಮನಿಗೆ ಮಂಚದಿಂದ ಇಳಿಯುವ ಅಂದಾಜೇ ಸಿಗುತ್ತಿರಲಿಲ್ಲ. ಅದರ ಮೇಲೆ ಕಾಲಿನ ನೀರು ಇಳಿಸುವ ಸೂಜಿ ಕೊಟ್ಟಿದ್ದರು. ಹಾಗಾಗಿ ಮೂತ್ರಕ್ಕೆ ಮತ್ತೆ ಮತ್ತೆ ಏಳಬೇಕು. ಮಂಚದಲ್ಲೇ ಪಾತ್ರೆ ಇಡುತ್ತೇವೆಂದರೆ ಅವಳು ಸತ್ತರೂ ಒಪ್ಪಳು. ಹಿಂದಿನ ಜಗಲಿಯ ತುದಿಯಲ್ಲಿ ಬಚ್ಚಲು, ಹೊಸ್ತಿಲಿನಾಚೆ ಯಾವಾಗಲೂ ಒದ್ದೆ ಸಿಮೆಂಟಿನ ನೆಲ. ಸೊಸೆಯನ್ನು ಕರೆದರೆ ಸೊಸೆ ಹಿಡಿದು ಕರೆದೊಯ್ಯುತ್ತಿದ್ದಳು. ಆದರೆ ಕರೆಯುವುದು ಹೇಗೆ? ಆಸ್ಪತ್ರೆಯಲ್ಲಿ ಬೆಕ್ಕು ಇರಲಿಲ್ಲ.

ಪಕ್ಕದ ಮಂಚದಲ್ಲಿ ಸವಣೂರಿನ ಝೈನಬ ಎಂಬ ಮುದುಕಿ ಇದ್ದಳು. ಮೀಯುವ ಕಲ್ಲಿನ ಮೇಲೆ ಜಾರಿ ಸೊಂಟ ಮುರಿದುಕೊಂಡವಳು, ಕಾಲಿಗೆ ಮರಳಿನ ಚೀಲ ಆನಿಸಿಕೊಂಡು ಅಂಗಾತ ಮಲಗಿದ್ದಳು. ದೇವಮ್ಮ ಅವಳ ಕಡೆ ತಿರುಗಿ, "ಇಲ್ಲಿ ಒಬ್ಬರಿಗೆ ಬಾಯಾರಿಕೆ ಆಗುತ್ತದೆ, ನೀರು ಕೊಡುವವರಿಗೆ ಹೇಳಿ" ಎಂದಳು.

"ಸೊಸೆ ನಿಮ್ಮ ಕಾಲಿನ ಹತ್ತಿರವೇ ಕೂತಿದ್ದಾಳಲ್ಲ ಮಾರಾಯ್ರೆ! ನನ್ನನ್ನು ಎಂತಕ್ಕೆ ನಡುವೆ ಎಳೆಯುದು?" ಎಂದಳು ಝೈನಬ. ಆಮೇಲೆ ದನಿ ತಗ್ಗಿಸಿ, "ನೋಡಿ ಅಕ್ಕ, ನಾನು ಬಿದ್ದದ್ದು ಒಂದೇ ಸಲ. ಮತ್ತೆ ಈ ಕಾಲು ನನ್ನದಲ್ಲ. ನೀವು ಒಬ್ಬರೇ ಇಳಿಯಬೇಡಿ" ಎಂದಳು.

ದೇವಮ್ಮ ಕೇಳಲಿಲ್ಲ. ಮಧ್ಯಾಹ್ನ ಗಂಜಿ ಉಂಡು ವಾರ್ಡಿಗೆ ವಾರ್ಡೇ ತೂಕಡಿಸುವಾಗ ಸೊಸೆಯ ತಲೆಯೂ ವಾಲಿತ್ತು. ಧೊಪ್ಪನೆ ಸದ್ದಾಯಿತು. ದುಗ್ಗಮ್ಮ ಕಣ್ಣು ಬಿಟ್ಟರೆ ಅತ್ತೆ ಮಂಚಕ್ಕೂ ಗೋಡೆಗೂ ನಡುವೆ ಬಿದ್ದಿದ್ದಾಳೆ. ಪುಣ್ಯಕ್ಕೆ ಮೊಣಕೈ ತರಚಿದ್ದಲ್ಲದೆ ಬೇರೇನೂ ಆಗಿರಲಿಲ್ಲ.

ಸಿಸ್ಟರ್ ಶೀಲಾವತಿ ಓಡಿ ಬಂದರು. ಒಳ್ಳೆಯ ಹೆಂಗಸು, ಆದರೆ ಇಡೀ ವಾರ್ಡಿಗೆ ಅವರೊಬ್ಬರೇ. "ಇವರ ಪ್ರಾಯದಲ್ಲಿ ಸೊಂಟ ಮುರಿದ್ರೆ ಮತ್ತೆ ಎದ್ದು ನಡೆಯುದು ಉಂಟಾ? ನಾನು ಎಷ್ಟು ಜನರನ್ನು ನೋಡ್ಲಿ ಅಮ್ಮ? ಕೈ ಕಟ್ಟಿ ಮಲಗಿಸುದು ಬಿಟ್ಟು ಬೇರೆ ದಾರಿ ಇಲ್ಲ" ಎಂದು ಬ್ಯಾಂಡೇಜಿನ ಬಟ್ಟೆ ತಂದರು.

ದೇವಮ್ಮ ಎರಡೂ ಕೈಗಳನ್ನು ಎದೆಗೆ ಒತ್ತಿ ಹಿಡಿದುಕೊಂಡಳು. ಆ ಮುಖದಲ್ಲಿ ದುಗ್ಗಮ್ಮ ಅಷ್ಟು ವರ್ಷಗಳಲ್ಲಿ ಸಿಟ್ಟು ಕಂಡಿದ್ದಳು, ತಾತ್ಸಾರ ಕಂಡಿದ್ದಳು. ಹೆದರಿಕೆ ಕಂಡದ್ದು ಅಂದೇ.

"ಅವರನ್ನು ಕಟ್ಟುದು ಬೇಡ ಸಿಸ್ಟರೇ. ಕಟ್ಟುದಾದ್ರೆ ನನ್ನನ್ನು ಕಟ್ಟಿ" ಎಂದಳು.

ಸಿಸ್ಟರಿಗೆ ಅರ್ಥವಾಗಲಿಲ್ಲ. ದುಗ್ಗಮ್ಮ ಸೆರಗಿನ ಮೂಲೆಯನ್ನು ಅತ್ತೆಯ ಮಣಿಕಟ್ಟಿಗೆ ಸುತ್ತಿ ಗಂಟು ಹಾಕಿ ತೋರಿಸಿದಳು. "ಎದ್ದರೆ ನನಗೆ ಎಚ್ಚರ ಆಗ್ತದೆ. ಅವರು ಮಾತಾಡುವುದೇ ಬೇಡ." ಸಿಸ್ಟರು ಗಂಟನ್ನು ಜಗ್ಗಿ ನೋಡಿದರು. "ಆಗಲಿ. ಇನ್ನೊಮ್ಮೆ ಬಿದ್ದರೆ ಮಾತ್ರ ನಾನು ಕೇಳುವವಳಲ್ಲ" ಎಂದು ಬಟ್ಟೆಯನ್ನು ಸುತ್ತಿಕೊಂಡು ಹೋದರು.

ದೇವಮ್ಮನ ಹಟ ಅಷ್ಟಕ್ಕೆ ಮುಗಿಯುವಂಥದ್ದಲ್ಲ. ಮರುದಿನ ಮಧ್ಯಾಹ್ನ ಆ ಗಂಟನ್ನು ಹಲ್ಲಿನಿಂದ ಬಿಚ್ಚಿ, ಗೋಡೆ ಹಿಡಿದುಕೊಂಡು ಹೊರಟೇಬಿಟ್ಟಳು. "ದುಗ್ಗಮ್ಮಾ, ನಿನ್ನ ಅತ್ತೆ!" ಎಂದು ಝೈನಬ ಕೂಗಿದಳು. ದುಗ್ಗಮ್ಮ ಎದ್ದು ನೋಡುವಾಗ ಸೆರಗು ನೆಲದಲ್ಲಿ ಬಿದ್ದಿತ್ತು. ಓಡಿದಳು. ದೇವಮ್ಮ ಬಚ್ಚಲಿನ ಹೊಸ್ತಿಲಲ್ಲಿ, ಬಾಗಿಲ ದಾರಂದ ಹಿಡಿದು, ಮುಂದೆ ಹೋಗಲಾರದೆ, ಹಿಂದೆ ಬರಲಾರದೆ ನಡುಗುತ್ತಿದ್ದಳು. ಒಂದು ಕಾಲು ಆಗಲೇ ಒದ್ದೆ ನೆಲದ ಮೇಲಿತ್ತು. ದುಗ್ಗಮ್ಮ ಹಿಂದಿನಿಂದ ಸೊಂಟ ತಬ್ಬಿ ಹಿಡಿದಳು. ಮುದುಕಿ ಮೊಣಕೈಯಿಂದ ತಿವಿದಳು. ಆಗ ದುಗ್ಗಮ್ಮನ ಸಹನೆಯ ಕಟ್ಟೆ ಒಡೆಯಿತು.

"ನಿಮ್ಮ ಮಗ ಕರೆದರು, ನಾನು ಇರ್ಲಿಲ್ಲ. ಹೌದು, ಇರ್ಲಿಲ್ಲ! ಸಾಯುವವರೆಗೆ ಅದು ನನ್ನ ಹೊಟ್ಟೆಯಲ್ಲಿ ಉಂಟು. ಈಗ ನಾನು ಇಲ್ಲೇ ಇದ್ದೇನೆ, ನೀವು ಕರೆಯುದಿಲ್ಲ. ನಾನು ಎಂತ ಮಾಡ್ಬೇಕು? ನೀವೇ ಹೇಳಿ!"

ವಾರ್ಡಿನವರೆಲ್ಲ ಕೇಳಿದರು. ದೇವಮ್ಮ ತಿವಿಯುವುದನ್ನು ನಿಲ್ಲಿಸಿದಳು. ಸ್ವಲ್ಪ ಹೊತ್ತಿನಲ್ಲಿ ಅವಳ ಮೈಯ ಭಾರವೆಲ್ಲ ಸೊಸೆಯ ಎದೆಗೆ ಒರಗಿತು.

ಅಂದು ರಾತ್ರಿ ದುಗ್ಗಮ್ಮ ಸೆರಗು ಕಟ್ಟಲಿಲ್ಲ. ಬಿಚ್ಚಿ ಬಿಸಾಡುವವರಿಗೆ ಯಾಕೆ ಕಟ್ಟುವುದು ಎಂಬ ಸಿಟ್ಟು. ನಿದ್ದೆ ಮಾಡುವುದೇ ಇಲ್ಲ ಎಂದು ಮಂಚಕ್ಕೆ ಒರಗಿ ಕೂತಳು. ಬೆಳಗಿನ ಹೊತ್ತಿಗೆ ಕಣ್ಣು ಮುಚ್ಚಿಯೇ ಹೋಯಿತು.

ಹೆಗಲು ಜಗ್ಗಿದಂತಾಗಿ ಎಚ್ಚರವಾಯಿತು. ಕಿಟಕಿಯಲ್ಲಿ ಬೆಳಕು ಬಂದಿತ್ತು. ದೇವಮ್ಮ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು, ಇಳಿದಿರಲಿಲ್ಲ. ಸೆರಗಿನ ಮೂಲೆ ಅವಳ ಮಣಿಕಟ್ಟಿನಲ್ಲಿತ್ತು. ದುಗ್ಗಮ್ಮ ಹಾಕುವ ಗಂಟಲ್ಲ ಅದು. ಕರುವನ್ನು ಕಟ್ಟುವಾಗ ಹಾಕುವ, ಜಗ್ಗಿದಷ್ಟೂ ಬಿಗಿಯುವ ಗಂಟು. ಒಂದೇ ಕೈಯಲ್ಲಿ, ಮುದಿ ಬೆರಳುಗಳಲ್ಲಿ, ಹಲ್ಲಿನಲ್ಲಿ ಕಚ್ಚಿ ಹಾಕಿದ್ದಿರಬೇಕು.

"ಇದ್ದೀಯಾ?" ಎಂದಳು ಅತ್ತೆ.

"ಇದ್ದೇನೆ ಅತ್ತೆ."

ಇಬ್ಬರೂ ಎದ್ದು ಜಗಲಿಯ ಕಡೆ ನಡೆದರು. ಝೈನಬ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಅವಳು ಅಳುತ್ತಿದ್ದದ್ದು ದುಗ್ಗಮ್ಮನಿಗೆ ಕಂಡಿತು, ಕಾಣದವಳಂತೆ ಮುಂದೆ ಹೋದಳು.

ದೇವಮ್ಮ ತನ್ನ ಕಾಲಿನ ಮೇಲೆಯೇ ನಡೆದು ಮನೆ ಸೇರಿದಳು, ಮತ್ತೆರಡು ಮಳೆಗಾಲ ಕಂಡಳು. ಬೆಕ್ಕಿಗೆ ಕೆಲಸ ತಪ್ಪಿತು. ಉಪ್ಪು ಹೆಚ್ಚಾದರೆ ಅತ್ತೆ ನೇರ ಸೊಸೆಗೇ ಬೈಯುತ್ತಿದ್ದಳು, ಸೊಸೆ ಅಷ್ಟೇ ಜೋರಾಗಿ ತಿರುಗಿ ಹೇಳುತ್ತಿದ್ದಳು. ಮಗನ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ. ಮನೆಯಲ್ಲಿ ಚಾಪೆಯಿಂದ ಬೀಳುವ ಭಯವೇನೂ ಇರಲಿಲ್ಲ. ಆದರೂ ಮಲಗುವ ಹೊತ್ತಿಗೆ ದೇವಮ್ಮ ಕೈ ಚಾಚುತ್ತಿದ್ದಳು, ದುಗ್ಗಮ್ಮ ಸೆರಗಿನ ಮೂಲೆ ಕೊಡುತ್ತಿದ್ದಳು.

ಒಂದು ಚಳಿಗಾಲದ ಬೆಳಿಗ್ಗೆ ಜಗ್ಗುವಿಕೆ ಬರಲಿಲ್ಲ. ದುಗ್ಗಮ್ಮ ತಾನಾಗಿ ಎದ್ದು ನೋಡಿದಳು. ದೇವಮ್ಮ ನಿದ್ದೆಯಲ್ಲೇ ಹೋಗಿದ್ದಳು. ಅಂದು ಗಂಟು ಹಾಕಿರಲಿಲ್ಲ, ಸೆರಗನ್ನು ಮುಷ್ಟಿಯಲ್ಲೇ ಹಿಡಿದುಕೊಂಡಿದ್ದಳು. ಹೆಣ ಮೀಯಿಸಲು ಬಂದ ಹೆಂಗಸರು ಆ ಬೆರಳುಗಳನ್ನು ಬಿಡಿಸಲು ನೋಡಿದರು. ಬಿಗಿದುಹೋಗಿದ್ದವು. ಒಬ್ಬಳು ಬಲವಾಗಿ ಎಳೆಯಲು ಹೋದಾಗ ದುಗ್ಗಮ್ಮ ಅವಳ ಕೈ ತಡೆದಳು.

"ಬಿಡಿಸ್ಬೇಡಿ. ಅವರ ಹತ್ತಿರವೇ ಇರ್ಲಿ" ಎಂದಳು. ಒಳಗಿನಿಂದ ಚೂರಿ ತಂದು, ತಾನು ಉಟ್ಟಿದ್ದ ಸೀರೆಯ ಆ ಮೂಲೆಯನ್ನು ಕೊಯ್ದು ಅತ್ತೆಯ ಮುಷ್ಟಿಯಲ್ಲೇ ಬಿಟ್ಟಳು.