ಕೃತ್ತಿಕೆಯಲ್ಲಿ ನಾನು ಕಾಣದ ನಕ್ಷತ್ರ

ಆ ನಕ್ಷತ್ರವನ್ನು ನಾನು ನೋಡಿಯೇ ಇರಲಿಲ್ಲ. ನೋಡಿದೆ ಎಂದು ನನ್ನ ಯಜಮಾನರಿಗೆ ಹೇಳಿದೆ — ಒಂದು ದಿನವಲ್ಲ, ಇಡೀ ಒಂದು ಚಳಿಗಾಲ. ಆ ಸುಳ್ಳನ್ನು ನಂಬಿಕೊಂಡು ಅವರು ಕಣ್ಣು ಕಳೆದುಕೊಂಡರು. ಇಷ್ಟನ್ನು ನೇರವಾಗಿ ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಯುದ್ಧ ನಡೆಯುತ್ತಿದ್ದ ಕಾಲ. ಅವರು ದೇವನಹಳ್ಳಿಯಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ನಾನು ಹೊಸಕೋಟೆ ಕಡೆಯ ಸಮೇತನಹಳ್ಳಿಯವಳು, ಹೊಸದಾಗಿ ಮದುವೆಯಾಗಿ ಬಂದಿದ್ದೆ. ಚಿಕ್ಕಂದಿನಿಂದಲೂ ನನಗೆ ದೂರದ್ದು ಕಾಣುತ್ತಿರಲಿಲ್ಲ. ಹೊಲದ ಆಚೆ ಬದುವಿನ ಮೇಲೆ ಬರುತ್ತಿರುವವರು ಅಪ್ಪನೋ ಚಿಕ್ಕಪ್ಪನೋ ಎಂದು ನಡಿಗೆಯ ಮೇಲೆ ಗುರುತು ಹಿಡಿಯುತ್ತಿದ್ದೆ. ಇವರು ಹೆಣ್ಣು ನೋಡಲು ಬಂದ ದಿನ ಅಮ್ಮ ನನ್ನ ತಲೆ ಬಾಚುತ್ತಾ, "ಕಣ್ಣಿನ ವಿಚಾರ ಬಾಯಿ ಬಿಡಬೇಡ ಕಣೆ. ಆಮೇಲೆ ಹೇಳ್ಕೊಂಡ್ರಾಯ್ತು" ಅಂದಳು. ಆ 'ಆಮೇಲೆ' ಬರಲೇ ಇಲ್ಲ — ಅಲ್ಲ, ಬಂದಾಗಲೆಲ್ಲ ನಾನೇ ಮುಂದಕ್ಕೆ ತಳ್ಳಿದೆ. ಇವರು ಬೈಯುವ ಮನುಷ್ಯರಲ್ಲ. ಹೇಳಿದ್ದರೆ ನಕ್ಕುಬಿಡುತ್ತಿದ್ದರೋ ಏನೋ.

ಅವರಿಗೆ ಇದ್ದದ್ದು ಒಂದೇ ಹುಚ್ಚು, ಆಕಾಶದ್ದು. ಬೆಂಗಳೂರು ದಂಡು ಪ್ರದೇಶದ ಹಳೇ ಸಾಮಾನಿನ ಅಂಗಡಿಯಿಂದ ಒಂದು ದುರ್ಬೀನು ತಂದಿದ್ದರು. ದೀಪ ಹಚ್ಚಿದ ಮೇಲೆ, ಊಟಕ್ಕೆ ಮುಂಚೆ, ಅದನ್ನು ಮಾಳಿಗೆಯ ಮೇಲೆ ನಿಲ್ಲಿಸುತ್ತಿದ್ದರು. ಚಳಿಗಾಲದಲ್ಲಿ ಆ ಹೊತ್ತಿಗೆ ಕೃತ್ತಿಕೆ ನೆತ್ತಿಯ ಹತ್ತಿರ ಇರುತ್ತದೆ. ಅದು ಬರೀ ಆರೇಳು ಚುಕ್ಕಿ ಅಲ್ಲ, ದೊಡ್ಡ ಗುಂಪು, ಎಲ್ಲವೂ ಒಂದೇ ಮೋಡದಲ್ಲಿ ಹುಟ್ಟಿದವು ಎಂದು ಅವರೇ ನನಗೆ ಹೇಳಿಕೊಟ್ಟದ್ದು. ಗುಂಪಿನ ಒಂದು ಅಂಚಿನಲ್ಲಿ ಹೊಳೆಯುವ ಒಂದು ನಕ್ಷತ್ರ. ಅದಕ್ಕೆ ಅಂಟಿಕೊಂಡ ಹಾಗೆ ಇನ್ನೊಂದು, ಪುಟ್ಟದು. ಆ ಪುಟ್ಟದರ ಮೇಲೆ ಅವರ ಕಣ್ಣು. ನೀಲಿ ಬೆರೆತ ಬಿಳುಪಂತೆ, ಸೂರ್ಯನಿಗಿಂತ ಎಷ್ಟೋ ಪಾಲು ಬಿಸಿಯಂತೆ, ಬುಗುರಿಯ ಹಾಗೆ ತಿರುಗುತ್ತದಂತೆ. ತಿರುಗುವ ರಭಸಕ್ಕೆ ಅದರ ನಡುವಿನಿಂದ ಅನಿಲ ಚಿಮ್ಮಿ ಸುತ್ತಲೂ ಕವಿಯುತ್ತದೆ, ಆಗ ಬೆಳಕು ಹೆಚ್ಚುಕಮ್ಮಿ ಆಗಬಹುದು ಎಂದು ಎಲ್ಲೋ ಓದಿದ್ದರು. ನನಗೆ ಅರ್ಥವಾಗಲಿ ಎಂದು ಒದ್ದೆ ಟವಲು ಹಿಡಿದು ಗರಗರ ತಿರುಗಿಸಿದರು. ಹನಿಗಳೆಲ್ಲ ನನ್ನ ಮುಖಕ್ಕೆ ಹಾರಿದವು. ಇಬ್ಬರೂ ನಕ್ಕೆವು.

ಆ ಚಳಿಗಾಲದಲ್ಲಿ ಒಂದು ಸಂಜೆ ಅವರು ಉದ್ವೇಗದಿಂದ ನನ್ನನ್ನು ಮೇಲಕ್ಕೆ ಕರೆದರು.

"ನಾಗೂ, ಅದು ಮಂಕಾಗ್ತಾ ಇದೆ. ಆದ್ರೆ ಒಬ್ಬನ ಕಣ್ಣು ಸಾಲದು. ಇಬ್ಬರು ನೋಡಿ ಒಂದೇ ಮಾತು ಹೇಳಿದ್ರೆ ಅದಕ್ಕೆ ಬೆಲೆ. ನೀನು ನೋಡು. ಆ ತಿರುಪು ಮಾತ್ರ ಮುಟ್ಟಬೇಡ, ಚುಕ್ಕಿ ಚೊಕ್ಕವಾಗಿ ಕಾಣೋ ಹಾಗೆ ನನ್ನ ಕಣ್ಣಿಗೆ ಸರಿಮಾಡಿ ಇಟ್ಟಿದೀನಿ."

ಕಣ್ಣಿಟ್ಟೆ. ಹಿಟ್ಟು ಚೆಲ್ಲಿದ ಹಾಗೆ ಬೆಳಕಿನ ಮಸುಕು ಉಂಡೆಗಳು, ಒಂದರ ಮೇಲೊಂದು. ಪುಟ್ಟದೂ ಇಲ್ಲ, ಅದರ ಜೊತೆಯದೂ ಇಲ್ಲ. ಹಿಂದೆ ತೋರಿಸಿದಾಗಲೂ ಹೀಗೇ ಇತ್ತು, ಕಂಡಿತು ಎಂದು ತಲೆಯಾಡಿಸಿದ್ದೆ.

"ಕಾಣ್ತಾ? ಹೋದ ತಿಂಗಳು ತೋರಿಸಿದ್ನಲ್ಲ, ಅದಕ್ಕಿಂತ ಮಂಕಾಗಿದೆ ಅಲ್ವಾ?"

"ಹೌದು. ಮಂಕಾಗಿದೆ."

ಅವರ ಮುಖ ನನ್ನ ಹತ್ತಿರದಲ್ಲೇ ಇತ್ತು, ಅದು ನನಗೆ ಚೆನ್ನಾಗಿ ಕಾಣುತ್ತಿತ್ತು. ಅಷ್ಟು ಸಂತೋಷವನ್ನು ಆ ಮುಖದಲ್ಲಿ ನಾನು ಹಿಂದೆ ಕಂಡಿರಲಿಲ್ಲ. ಆಮೇಲೆ ಪ್ರತಿ ಸಂಜೆಯೂ ಅದೇ ಪ್ರಶ್ನೆ, ಅದೇ ಉತ್ತರ. ನಾನು ಅವರ ದನಿ ಕೇಳಿಯೇ ಎಷ್ಟು ಮಂಕು ಎಂದು ಹೇಳಲು ಕಲಿತೆ.

ಅವರು ಬೆಂಗಳೂರಿನ ಕಾಲೇಜೊಂದರ ಪ್ರೊಫೆಸರಿಗೆ ಬರೆದರು. ಅಲ್ಲಿಯದು ದೊಡ್ಡ ದುರ್ಬೀನು. ಉತ್ತರ ಬಂತು: ತಮಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ, ದಯವಿಟ್ಟು ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿಕೊಳ್ಳಿ, ಎಂದು. ಅದನ್ನು ಹಿಡಿದುಕೊಂಡು ಅವರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ನಾನು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ.

"ನಾಗೂ, ನಿಜ ಹೇಳು. ನನಗೆ ಬೇಜಾರಾಗುತ್ತೆ ಅಂತ ನೋಡಬೇಡ. ನಿನಗೂ ಮಂಕಾಗೇ ಕಾಣ್ತಿದೆಯಾ?"

ದಾರಿ ಅವರೇ ಬಿಟ್ಟುಕೊಟ್ಟಿದ್ದರು. ನನಗೆ ಏನೂ ಕಾಣುವುದಿಲ್ಲ, ಮದುವೆಗೆ ಮುಂಚಿನಿಂದಲೂ ಹೀಗೇ — ಇಷ್ಟು ಹೇಳಿದ್ದರೆ ಸಾಕಿತ್ತು. ಮುಚ್ಚಿಟ್ಟು ಮದುವೆಯಾದವಳು ಎಂದುಕೊಳ್ಳುತ್ತಾರೆ ಅನ್ನಿಸಿತು. ಅಮ್ಮನ ಮೇಲೆ ಮಾತು ಬರುತ್ತದೆ ಅನ್ನಿಸಿತು. ಜರಡಿಯಿಂದ ತಲೆ ಎತ್ತದೆ ಹೇಳಿದೆ: "ಹೌದು ರೀ. ನನಗೂ ಹಾಗೇ ಕಾಣುತ್ತೆ."

"ಹಂಗಾದ್ರೆ ನನ್ನ ಕಣ್ಣು ಸರಿಯಾಗೇ ಇದೆ" ಎಂದು ಅವರು ಸಮಾಧಾನದಿಂದ ಹೊರಟರು. ಡಾಕ್ಟರ ಹತ್ತಿರ ಹೋಗಲಿಲ್ಲ.

ಮುಂದಿನ ಚಳಿಗಾಲದ ಹೊತ್ತಿಗೆ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳತೊಡಗಿದರು. ಸಂತೆಯ ದಿನ ಪಕ್ಕದಿಂದ ಬಂದ ಎತ್ತಿನ ಗಾಡಿ ಅವರಿಗೆ ಕಾಣಲೇ ಇಲ್ಲ, ಯಾರೋ ಎಳೆದುಕೊಂಡರು. ಆಗ ಬೆಂಗಳೂರಿಗೆ ಹೋದೆವು. ಕಣ್ಣಿನೊಳಗೆ ಒತ್ತಡ ಏರಿ ನರ ಒಣಗುತ್ತಾ ಬಂದಿದೆ ಎಂದರು ಡಾಕ್ಟರು. ನನ್ನನ್ನು ಪಕ್ಕಕ್ಕೆ ಕರೆದು, "ಒಂದು ವರ್ಷ ಮುಂಚೆ ಬಂದಿದ್ರೆ ಏನಾದ್ರೂ ಉಳಿಸಬಹುದಿತ್ತಮ್ಮ" ಎಂದರು. ಆ ಮಾತನ್ನೂ ನಾನು ಇವರಿಗೆ ಮುಟ್ಟಿಸಲಿಲ್ಲ.

ಕೆಲಸ ಬಿಟ್ಟರು. ಕಾಣುತ್ತಿದ್ದ ಅಷ್ಟಿಷ್ಟೂ ಹೋಯಿತು. ಆದರೆ ಜಗಲಿಯಲ್ಲಿ ಕೂತು ಬಂದವರಿಗೆಲ್ಲ ಆ ನಕ್ಷತ್ರದ ಕಥೆ ಹೇಳುತ್ತಿದ್ದರು. "ಪ್ರೊಫೆಸರಿಗೆ ಸಿಗಲಿಲ್ಲ. ನಾನೂ ನಮ್ಮ ನಾಗೂನೂ ನೋಡಿದ್ವಿ." ಅಷ್ಟೊಂದು ಹೋದಮೇಲೆ ಅವರಿಗೆ ಉಳಿದಿದ್ದ ಹೆಮ್ಮೆ ಅದೊಂದೇ. ಅದನ್ನೂ ಕಿತ್ತುಕೊಳ್ಳಲೇ — ಹೀಗೆ ನನಗೆ ನಾನೇ ಹೇಳಿಕೊಂಡು ವರ್ಷಗಳನ್ನು ಕಳೆದೆ. ಅವರ ಒಳ್ಳೆಯದಕ್ಕೆ ಸುಮ್ಮನಿದ್ದೇನೆ ಎಂದು ನಂಬುವುದು ಸುಲಭವಾಗಿತ್ತು.

ಮಗಳು ದೊಡ್ಡವಳಾಗಿ ನನಗೆ ಕನ್ನಡಕ ಮಾಡಿಸಿದಳು. ಆ ಮಾಘದಲ್ಲಿ ಒಂದು ಸಂಜೆ ದುರ್ಬೀನನ್ನು ನಾನೊಬ್ಬಳೇ ಮಾಳಿಗೆಗೆ ಹೊತ್ತು ತಂದೆ. ಕನ್ನಡಕ ತೆಗೆದು ನೋಡಿದೆ, ಅದೇ ಹಿಟ್ಟು. ಆಮೇಲೆ ಆ ತಿರುಪನ್ನು ಸ್ವಲ್ಪ ತಿರುಗಿಸಿದೆ. ಎಲ್ಲವೂ ಸೂಜಿಮೊನೆಯ ಹಾಗೆ ಚೊಕ್ಕವಾಯಿತು. ಹೊಳೆಯುವುದರ ಪಕ್ಕದಲ್ಲಿ ಪುಟ್ಟದು ತಣ್ಣಗೆ ಕೂತಿತ್ತು. ಕಾಣುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಇವರು ಈ ತಿರುಪನ್ನೇ ನನಗಾಗಿ ತಿರುಗಿಸುತ್ತಿದ್ದರು; ನಾನು ಪುಟ್ಟದನ್ನು ನೋಡಿ, ಎಲ್ಲಿ ಮಂಕಾಗಿದೆ, ಹಾಗೇ ಇದೆಯಲ್ಲ ಎನ್ನುತ್ತಿದ್ದೆ —

ಬೆಳಿಗ್ಗೆ ಪೇಪರ್ ಓದಿ ಹೇಳುವ ಹೊತ್ತಿನಲ್ಲಿ ಎಲ್ಲವನ್ನೂ ಹೇಳಿದೆ, ಡಾಕ್ಟರ ಮಾತೂ ಸೇರಿ.

"ಒಂದು ದಿನಾನೂ ಕಾಣಲಿಲ್ವಾ?"

"ಇಲ್ಲ."

ಎದ್ದು, ಗೋಡೆ ಸವರಿಕೊಂಡು ಒಳಗೆ ಹೋದರು. ಕೈ ಹಿಡಿಯಲು ಹೋದೆ, ಬಿಡಿಸಿಕೊಂಡರು. ಹಾಗೆ ಅವರು ಹಿಂದೆಂದೂ ಮಾಡಿದ್ದಿಲ್ಲ. ಆ ವಾರವೆಲ್ಲ ಬೇಕಾದ್ದಕ್ಕೆ ಮಾತ್ರ ಮಾತು.

ಮೊನ್ನೆ ಅವರ ಜೊತೆ ಕೆಲಸ ಮಾಡಿದ್ದ ಹೆಡ್ ಮೇಷ್ಟ್ರು ಬಂದಿದ್ದರು. ಬಂದವರೇ ಎಂದಿನಂತೆ ನಕ್ಷತ್ರದ ಮಾತು ತೆಗೆದರು. ನಾನು ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ಅದು ಚೆನ್ನಾಗೇ ಇದೆ ಸಾರ್," ಅಂದರು ಇವರು. "ಮಂಕಾಗಿದ್ದು ನನ್ನ ಕಣ್ಣು."

"ಮನೆಯವರೂ ನೋಡಿದ್ರು ಅಂತಿದ್ರಲ್ಲ?"

"ಇಲ್ಲ. ಅದು ನಾನೇ ಸೇರಿಸಿಕೊಂಡು ಹೇಳ್ತಿದ್ದಿದ್ದು."

ನೋಡಿದ್ದನ್ನು ನೋಡಿದ ಹಾಗೆಯೇ ಹೇಳಬೇಕು ಎಂದು ಬದುಕಿದ ಮನುಷ್ಯ, ನನ್ನ ಮಾನಕ್ಕಾಗಿ ತಾವೇ ಸುಳ್ಳುಗಾರರಾದರು. ಅಲ್ಲೇ ಬಾಯಿ ಬಿಡಬೇಕಿತ್ತು. ಲೋಟ ಇಟ್ಟು ಒಳಗೆ ಬಂದುಬಿಟ್ಟೆ.

ಅದಕ್ಕೇ ಇದನ್ನು ಬರೆದೆ. ನಾಳೆ ಅವರಿಗೆ ಓದಿ ಹೇಳುತ್ತೇನೆ. ಆಮೇಲೆ ಹೆಡ್ ಮೇಷ್ಟ್ರ ಮನೆಗೆ ನಾನೇ ಹೋಗಿ ಕೊಟ್ಟು ಬರುತ್ತೇನೆ. ಬೇಡ ಎಂದು ಇವರು ತಡೆಯಬಹುದು. ತಡೆದರೂ ಹೋಗುತ್ತೇನೆ.